ದೊರ್ದೋನ್ ಕಣಿವೆಯ ಸಾರ್ಲಾ: ಅಪ್ಪ ಅಮ್ಮ, ಮಕ್ಕಳ ಜೊತೆ ಹೋಗುತ್ತಿದ್ದೇವೆ. ಏನು ನೋಡೋಣ, ಏನು ಬಿಡೋಣ?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ಫ್ರಾನ್ಸಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ಅಪ್ಪ ಅಮ್ಮ. ಪ್ಯಾರಿಸ್ ಮುಗಿಸಿಕೊಂಡು ನೈರುತ್ಯದ ದೊರ್ದೋನ್ ನದಿ ಕಣಿವೆಗೆ ಹೋಗಿ, ಸಾರ್ಲಾ ಅನ್ನುವ ಹಳೇ ಊರಿನಲ್ಲಿ ನಾಲ್ಕೈದು ರಾತ್ರಿ ಉಳಿಯೋಣ ಅಂತ ಮನಸ್ಸಾಗಿದೆ. ಮನೆಯಲ್ಲಿ ಇನ್ನೂ ಚರ್ಚೆ ಮುಗಿದಿಲ್ಲ. ಅಷ್ಟು ದೂರ ಹೋಗಿ ಒಂದು ಸಣ್ಣ ಊರಿನಲ್ಲಿ ಯಾಕೆ ಕೂರುತ್ತೀರಿ, ಸ್ವಿಟ್ಜರ್ಲೆಂಡ್ ನೋಡಿ ಬನ್ನಿ ಅಂತ ತಂಗಿ ಹೇಳುತ್ತಿದ್ದಾಳೆ.

ಮಕ್ಕಳಿಗೆ ನೀರು ಬೇಕು, ಕೋಟೆ ಬೇಕು. ಅಪ್ಪನಿಗೆ ಆದಿಮಾನವರ ಗುಹಾಚಿತ್ರ ನೋಡಲೇಬೇಕು. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅವರು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿ. ಕಾರಿಲ್ಲದೆ ಓಡಾಡಬಹುದಾ? ಯಾವುದನ್ನು ಬಿಡಲೇಬಾರದು? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಬೋರ್ದೋ ಕನ್ನಡಿಗ

ನಮಸ್ಕಾರ ಹೊಳೆದಂಡೆಯವರೇ. ನಾನು ಬೋರ್ದೋದಲ್ಲಿ ಕೆಲಸದ ಮೇಲೆ ಇದ್ದೇನೆ. ಊರಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುವುದು ಆ ಕಣಿವೆಗೇ. ಧೈರ್ಯವಾಗಿ ಬನ್ನಿ.

ಅಲ್ಲಿ ಒಂದು ಅನುಕೂಲವಿದೆ. ಸಾರ್ಲಾದಿಂದ ಸುಮಾರು 15 ಕಿ.ಮೀ. ಒಳಗೆ ಬೇನಾಕ್, ಕಾಸ್ಟೆಲ್ನೋ, ಲಾ ರೋಕ್ ಗಜಾಕ್, ಡೊಮ್ ಅನ್ನುವ ಹಳೇ ಊರುಗಳೆಲ್ಲ ಸಿಗುತ್ತವೆ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ಕಾರಿನಲ್ಲಿ ಕೂರಬೇಕಿಲ್ಲ. ಆದರೆ ಹತ್ತಿರ ಇವೆ ಅಂತ ಒಂದೇ ದಿನ ನಾಲ್ಕು ಊರು ಮುಗಿಸುವವರನ್ನು ತುಂಬಾ ನೋಡಿದ್ದೇನೆ. ಅವರಿಗೆ ನೆನಪಿರುವುದು ಪಾರ್ಕಿಂಗ್ ಜಾಗ ಮಾತ್ರ. ದಿನಕ್ಕೆ ಒಂದು ಕೋಟೆ ಇಲ್ಲವೇ ಒಂದು ಗುಹೆ, ಉಳಿದ ಹೊತ್ತು ನದಿ. ಮನೆಗೆ ಬರುವ ಎಲ್ಲರಿಗೂ ನಾನು ಹೇಳುವುದು ಇದನ್ನೇ.

ಬರುವ ದಾರಿ ಹೀಗೆ. ಪ್ಯಾರಿಸ್‌ನ ಮೊಂಪಾರ್ನಾಸ್ ನಿಲ್ದಾಣದಿಂದ ಬೋರ್ದೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಸಾರ್ಲಾಗೆ ಲೋಕಲ್ ರೈಲು, ಎರಡೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ದ್ರಾಕ್ಷಿ ತೋಟಗಳ ನಡುವೆ, ಬೆರ್ಜೆರಾಕ್ ಮೇಲೆ ಹಾಯ್ದು ಬರುತ್ತದೆ. ಚೆಂದದ ದಾರಿ. ಆದರೆ ಆರು ಜನ, ಅದರಲ್ಲಿ ಮಂಡಿ ನೋವಿನ ಅಮ್ಮ ಇದ್ದಾರೆ ಅಂದರೆ ಕಾರು ಬೇಕೇ ಬೇಕು. ಹಳ್ಳಿಗಳಿಗೆ ಬಸ್ಸು ತೀರಾ ಕಡಿಮೆ. ಬೋರ್ದೋದಲ್ಲೇ ಏಳು ಸೀಟಿನ ಕಾರು ತೆಗೆದುಕೊಂಡು ಬಿಡಿ.

ನಕ್ಷೆಪ್ರಿಯ

ಕಾರಿನ ವಿಷಯಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ.

ನಮ್ಮ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಗೇರಿಲ್ಲದ ಕಾರು ಬೇಕಿದ್ದರೆ ಈಗಲೇ ಬುಕ್ ಮಾಡಿ, ಅಲ್ಲಿ ಗೇರಿನ ಕಾರೇ ಜಾಸ್ತಿ. ಇನ್ನೊಂದು ಮುಖ್ಯ ಮಾತು: ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ನಮಗೆ ಒಂದು ಬಾಡಿಗೆ ಕಂಪನಿಯ ಕೌಂಟರಿನಲ್ಲಿ ಡೆಬಿಟ್ ಕಾರ್ಡ್ ನಡೆಯುವುದಿಲ್ಲ ಅಂದುಬಿಟ್ಟರು. ಹಣ ಪೂರ್ತಿ ಕಟ್ಟಿದ್ದರೂ ಕಾರು ಕೊಡಲಿಲ್ಲ. ಸೂಟ್‌ಕೇಸ್ ಹಿಡಿದುಕೊಂಡು ನಿಂತ ಜಾಗದಲ್ಲೇ ಬೇರೆ ಕಡೆ ಹುಡುಕಬೇಕಾಯಿತು. ಬುಕ್ ಮಾಡುವಾಗಲೇ ಈ ಷರತ್ತನ್ನು ಓದಿ ನೋಡಿ.

ಮಕ್ಕಳಿಗೆ ಹತ್ತು ವರ್ಷ ತುಂಬುವವರೆಗೆ ಬೂಸ್ಟರ್ ಸೀಟು ಕಡ್ಡಾಯ, ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ನಿಮ್ಮ ಇಬ್ಬರಿಗೂ ಬೇಕಾಗುತ್ತದೆ.

ನೋಡುವ ಜಾಗದ ಬಗ್ಗೆ ಬೋರ್ದೋ ಕನ್ನಡಿಗ ಅವರ ಮಾತಿಗೆ ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಅಷ್ಟು ದೂರ ಬಂದವರು ರೊಕಾಮದೂರ್ ಮತ್ತು ಪಾದಿರಾಕ್ ಬಿಡಬಾರದು. ರೊಕಾಮದೂರ್ ಅಂದರೆ ಕಡಿದಾದ ಬಂಡೆಗೆ ಅಂಟಿಕೊಂಡಿರುವ ಯಾತ್ರಾಸ್ಥಳ. ಕಪ್ಪು ಮೇರಿ ಮಾತೆಯ ಗುಡಿ ಇದೆ, 216 ಮೆಟ್ಟಿಲು, ಹಿಂದೆ ಭಕ್ತರು ಮಂಡಿಯೂರಿ ಹತ್ತುತ್ತಿದ್ದರು. ಪಾದಿರಾಕ್‌ನಲ್ಲಿ ಭೂಮಿ ಬಾಯಿ ಬಿಟ್ಟ ಹಾಗೆ 35 ಮೀಟರ್ ಅಗಲದ ಗುಂಡಿ. ಅದರೊಳಗೆ ಇಳಿದರೆ ನೂರು ಮೀಟರಿಗೂ ಕೆಳಗೆ ನದಿ ಹರಿಯುತ್ತದೆ. ಆ ನೆಲದಾಳದ ನದಿಯಲ್ಲಿ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಬೋರ್ದೋ ಕನ್ನಡಿಗ

ನಕ್ಷೆಪ್ರಿಯ ಅವರೇ, ಎರಡೂ ಅದ್ಭುತ, ಒಪ್ಪುತ್ತೇನೆ. ಆದರೆ ಸಾರ್ಲಾದಿಂದ ಆ ಕಡೆಗೆ ಗಂಟೆಗೂ ಮೇಲೆ ಅಂಕುಡೊಂಕಿನ ರಸ್ತೆ. ಹೋಗಿ ಬರುವಷ್ಟರಲ್ಲಿ ಇಡೀ ದಿನ ಹೋಗುತ್ತದೆ. ರೊಕಾಮದೂರಿನಲ್ಲಿ ಲಿಫ್ಟ್ ಇದೆ. ಪಾದಿರಾಕ್‌ನಲ್ಲಿ ಗುಂಡಿಗೆ ಇಳಿಯಲೂ ಲಿಫ್ಟ್ ಇದೆ, ಆದರೆ ದೋಣಿ ಇಳಿದ ಮೇಲೆ ಒದ್ದೆ ಮೆಟ್ಟಿಲು ತುಂಬಾ ಇವೆ. ಅಮ್ಮನವರಿಗೆ ಕಷ್ಟ. ಈ ಸಲಕ್ಕೆ ಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಕಾವೇರಿಮಗಳು

ನದಿಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಾನು ತುಲೂಸ್‌ನಲ್ಲಿ ಓದುವಾಗ ಬೇಸಿಗೆಯಲ್ಲಿ ಕನೂ (ಹುಟ್ಟು ಹಾಕುವ ಸಣ್ಣ ದೋಣಿ) ಬಿಡಲು ಅಲ್ಲಿಗೆ ಹೋಗುತ್ತಿದ್ದೆವು. ಆ ಕಣಿವೆಯನ್ನು ನೀರಿನ ಮೇಲಿಂದ ನೋಡದಿದ್ದರೆ ಅರ್ಧ ನೋಡಿದ ಹಾಗೆ.

ಕೋಟೆಗಳೆಲ್ಲ ನದಿಗೆ ಮುಖ ಮಾಡಿ ಕಟ್ಟಿದವು. ಮೊದಲು ಹಡಗು, ದೋಣಿ, ಸರಕು ಎಲ್ಲ ಬರುತ್ತಿದ್ದದ್ದು ನದಿಯಲ್ಲೇ. ಹಾಗಾಗಿ ರಸ್ತೆಯಿಂದ ನೋಡಿದರೆ ಕೋಟೆಯ ಬೆನ್ನು ಕಾಣುತ್ತದೆ, ನೀರಿನಿಂದ ನೋಡಿದರೆ ಎದೆ ಕಾಣುತ್ತದೆ. ವಿತ್ರಾಕ್ ಅನ್ನುವ ಊರಿನ ಹತ್ತಿರ ಕನೂ ಹತ್ತಿ. ಸ್ವಲ್ಪ ದೂರಕ್ಕೆ ಎಡಗಡೆ ಎತ್ತರದಲ್ಲಿ ಡೊಮ್ ಊರಿನ ಬಂಡೆ. ಆಮೇಲೆ ಬಲಗಡೆ ಲಾ ರೋಕ್ ಗಜಾಕ್, ಬಂಡೆ ಮತ್ತು ನೀರಿನ ಸಂದಿಯಲ್ಲಿ ಒಂದೇ ಸಾಲು ಮನೆಗಳು. ಮುಂದೆ ನದಿ ತಿರುಗುತ್ತದೆ. ಎಡಕ್ಕೆ ಕಾಸ್ಟೆಲ್ನೋ ಕೋಟೆ, ದೂರದಲ್ಲಿ ಬಲಕ್ಕೆ ಬೇನಾಕ್. ಅಲ್ಲಿಗೆ ಹೆಚ್ಚೂ ಕಡಿಮೆ 15 ಕಿ.ಮೀ. ಮಧ್ಯೆ ಮಧ್ಯೆ ಬೆಣಚುಕಲ್ಲಿನ ದಡಗಳಿವೆ, ನಿಲ್ಲಿಸಿ ಬುತ್ತಿ ತಿನ್ನಬಹುದು, ಕಾಲು ನೆನೆಸಬಹುದು. ನಿಧಾನಕ್ಕೆ ಹೋದರೆ ಮಧ್ಯಾಹ್ನವೆಲ್ಲ ಸಾಕಾಗುತ್ತದೆ. ಇಳಿದ ಜಾಗದಿಂದ ಕಂಪನಿಯವರೇ ವ್ಯಾನಿನಲ್ಲಿ ವಾಪಸ್ ಬಿಡುತ್ತಾರೆ.

ಹೊಳೆದಂಡೆ

ಓದುತ್ತಲೇ ಮಕ್ಕಳು ಕುಣಿಯುತ್ತಿದ್ದಾರೆ. ಆದರೆ ಭಯವೂ ಇದೆ. ಹಂಪಿಯಲ್ಲಿ ಹರಿಗೋಲು ಹತ್ತಿದಾಗ ಅಂಬಿಗ ಇದ್ದ, ನಾವು ಸುಮ್ನೆ ಕೂತಿದ್ದೆವು. ಇಲ್ಲಿ ಹುಟ್ಟು ನಾವೇ ಹಾಕಬೇಕಾ? ದೊಡ್ಡವನಿಗೆ ಈಜು ಬರುತ್ತದೆ, ಚಿಕ್ಕವಳು ಈಗ ಕಲಿಯುತ್ತಿದ್ದಾಳೆ.

ಕಾವೇರಿಮಗಳು

ಹೌದು ಅಣ್ಣ, ನೀವೇ ಹುಟ್ಟು ಹಾಕಬೇಕು. ಜೊತೆಗೆ ಯಾರೂ ಬರುವುದಿಲ್ಲ. ಹತ್ತುವ ಮೊದಲು ದಡದಲ್ಲಿ ಹೇಗೆ ತಿರುಗಿಸಬೇಕು ಅಂತ ತೋರಿಸಿಕೊಡುತ್ತಾರೆ. ಆ ಭಾಗದಲ್ಲಿ ನದಿ ಅಗಲ, ಹರಿವು ಮೆತ್ತಗೆ, ದೊಡ್ಡ ಬಂಡೆ ಸುಳಿಗಳಿಲ್ಲ. ಮೊದಲ ಸಲ ಹಿಡಿದವರೂ ಸಲೀಸಾಗಿ ಹೋಗುತ್ತಾರೆ.

ಆದರೆ ನಿಯಮ ಗಟ್ಟಿಯಾಗಿದೆ, ಇರಬೇಕಾದದ್ದೇ. ಸಾಮಾನ್ಯವಾಗಿ ಐದು ವರ್ಷ ಆಗಿರಬೇಕು. ಎಲ್ಲರಿಗೂ 25 ಮೀಟರ್ ಈಜಲು, ನೀರಲ್ಲಿ ಮುಳುಗಿ ಏಳಲು ಬರಬೇಕು. ಮಕ್ಕಳ ಪರವಾಗಿ ತಂದೆ ತಾಯಿ ಸಹಿ ಹಾಕಬೇಕು. ಲೈಫ್ ಜಾಕೆಟ್ ಕೊಡುತ್ತಾರೆ ಅಂತ ಸುಳ್ಳು ಸಹಿ ಹಾಕಬೇಡಿ. ಜೂನ್ ಅಂದರೆ ಇನ್ನೂ ಕೆಲವು ತಿಂಗಳಿದೆ, ಪುಟ್ಟಿಗೆ ಅಷ್ಟರಲ್ಲಿ ಕಲಿಸಿಬಿಡಿ. ಕಲಿಯಲು ಆಗಲಿಲ್ಲ ಅಂದರೆ ನೀವೂ ಮಗನೂ ಕನೂದಲ್ಲಿ ಹೋಗಿ, ಉಳಿದವರು ಲಾ ರೋಕ್ ಗಜಾಕ್‌ನಲ್ಲಿ ಗಬಾರ್ ಅನ್ನುವ ದೊಡ್ಡ ದೋಣಿ ಹತ್ತಲಿ.

ಚಪ್ಪಲಿ ಬೇಡ, ಕಾಲಿಗೆ ಕಟ್ಟಿಕೊಳ್ಳುವ ಹಳೇ ಶೂ ಬೇಕು. ಕಲ್ಲು ಜಾರುತ್ತದೆ. ಫೋನು, ಪಾಸ್‌ಪೋರ್ಟ್, ಬುತ್ತಿ ಇಡಲು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ ಕೊಡುತ್ತಾರೆ, ನೀರು ಹೋಗುವುದಿಲ್ಲ. ಟೋಪಿ ಮರೆಯಬೇಡಿ. ನೀರಿನ ಮೇಲೆ ನೆರಳೇ ಇರುವುದಿಲ್ಲ.

ಇನ್ನೊಂದು ವಿಷಯ. ಮೇಲ್ಭಾಗದಲ್ಲಿ ಬೋರ್ ಲೆಜೋರ್ಗ್ ಸೇರಿ ಐದು ದೊಡ್ಡ ಅಣೆಕಟ್ಟುಗಳಿವೆ, ವಿದ್ಯುತ್ತಿಗೆ ಕಟ್ಟಿದವು. ಅಲ್ಲಿ ನೀರು ಬಿಟ್ಟಾಗ ಕೆಳಗೆ ಮಟ್ಟ ಏರುತ್ತದೆ. ದಡದಲ್ಲಿ ಎಚ್ಚರಿಕೆಯ ಫಲಕ ಹಾಕಿರುತ್ತಾರೆ. ಹಾಗಾಗಿ ಊಟಕ್ಕೆ ನಿಲ್ಲಿಸಿದಾಗ ಕನೂವನ್ನು ನೀರಿನಂಚಿನಲ್ಲಿ ಬಿಡಬೇಡಿ, ಪೂರ್ತಿ ಮೇಲಕ್ಕೆ ಎಳೆದು ಇಡಿ. ಜೋರು ಮಳೆ ಬಂದ ಮಾರನೇ ದಿನ ಕಂಪನಿಯವರು ಬೇಡ ಅಂದರೆ ಕೇಳಿ, ಅವರಿಗೆ ನದಿ ಗೊತ್ತು.

ಹಳೇಮನೆ

ಗಬಾರ್ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಅಮ್ಮನವರಿಗೆ ಅದೇ ಸರಿ.

ಚಪ್ಪಟೆ ತಳದ ದೊಡ್ಡ ದೋಣಿ ಅದು. ಹಿಂದೆ ಮೇಲ್ಸೀಮೆಯ ಕಾಡಿನಿಂದ ಓಕ್, ಚೆಸ್ಟ್‌ನಟ್ ಮರ ತುಂಬಿಕೊಂಡು ಬೆರ್ಜೆರಾಕ್, ಲಿಬೂರ್ನ್ ಕಡೆಗೆ ಇಳಿಯುತ್ತಿದ್ದವು. ವೈನ್ ಪೀಪಾಯಿ ಮಾಡಲು ಆ ಮರ ಬೇಕಿತ್ತು. ಮೇಲಿನಿಂದ ಬಂದ ಎಷ್ಟೋ ದೋಣಿಗಳು ವಾಪಸ್ ಹೋಗುತ್ತಲೇ ಇರಲಿಲ್ಲ. ಹರಿವಿನ ಎದುರು ಎಳೆದುಕೊಂಡು ಹೋಗುವುದು ಅಷ್ಟು ಕಷ್ಟ. ಸರಕಿನ ಜೊತೆ ದೋಣಿಯನ್ನೂ ಒಡೆದು ಸೌದೆಗೆ ಮಾರಿ, ಅಂಬಿಗರು ನಡೆದುಕೊಂಡು ಊರಿಗೆ ಹೋಗುತ್ತಿದ್ದರು. 19ನೇ ಶತಮಾನದ ಕೊನೆಗೆ ರೈಲು ಬಂತು, ಆ ಕಸುಬು ನಿಂತಿತು. ಈಗ ಅದೇ ಮಾದರಿಯ ದೋಣಿಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಕಾಸ್ಟೆಲ್ನೋ ಕಡೆಗೆ ಹೋಗಿ ಬರುತ್ತಾರೆ. ಒಂದು ಗಂಟೆಗಿಂತ ಸ್ವಲ್ಪ ಕಡಿಮೆ ಹೊತ್ತು.

ಲಾ ರೋಕ್ ಗಜಾಕ್ ಊರನ್ನು ದಡದಿಂದಲೂ ನಿಧಾನಕ್ಕೆ ನೋಡಿ. ಬಂಡೆ ದಕ್ಷಿಣಕ್ಕೆ ಮುಖ ಮಾಡಿದೆ, ದಿನವೆಲ್ಲ ಬಿಸಿಲು ಕುಡಿಯುತ್ತದೆ. ಅದರ ಬುಡದ ಬೆಚ್ಚಗಿನ ಜಾಗದಲ್ಲಿ ಬಾಳೆ, ತಾಳೆ ಬೆಳೆಸಿದ್ದಾರೆ. ಫ್ರಾನ್ಸಿನ ಹಳ್ಳಿಯಲ್ಲಿ ಬಾಳೆಗಿಡ ಕಂಡರೆ ನಿಮ್ಮ ಅಮ್ಮನಿಗೆ ಖುಷಿಯಾಗದೇ ಇರುವುದಿಲ್ಲ. ಅದೇ ಬಂಡೆ 1957ರ ಜನವರಿಯಲ್ಲಿ ಕುಸಿದು ಮನೆಗಳ ಮೇಲೆ ಬಿತ್ತು, ಮೂವರು ಸತ್ತರು. ಆಮೇಲೆ ಊರು ಮತ್ತೆ ಅದೇ ಕಲ್ಲಿನಲ್ಲಿ ಎದ್ದಿತು. ಫೋಟೋದಲ್ಲಿ ಕಾಣುವ ಚೆಂದದ ಹಿಂದೆ ಅಷ್ಟು ಕಷ್ಟ ಇದೆ.

ಹಾರೆಗುದ್ದಲಿ

ಅಪ್ಪನವರ ಗುಹಾಚಿತ್ರದ ಆಸೆ ನೋಡಿ ನನಗೆ ಉತ್ಸಾಹ ಬಂತು. ನಾನು ಇತಿಹಾಸ ಪಾಠ ಮಾಡಿದವಳು, ಆ ಕಡೆಗೆ ಹೋದದ್ದೇ ಅದಕ್ಕಾಗಿ. ಸ್ವಲ್ಪ ಉದ್ದ ಬರೆಯುತ್ತೇನೆ.

ಸಾರ್ಲಾದಿಂದ 25 ಕಿ.ಮೀ. ಉತ್ತರಕ್ಕೆ ವೇಜೇರ್ ನದಿ ಇದೆ, ದೊರ್ದೋನ್‌ಗೆ ಸೇರುವ ಉಪನದಿ. ಆ ಕಣಿವೆಯ ಆದಿಮಾನವ ನೆಲೆಗಳು 1979ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕ್ರೋಮ್ಯಾನ್ಯನ್ ಮಾನವ ಅಂತ ಪಠ್ಯಪುಸ್ತಕದಲ್ಲಿ ಓದಿದ್ದೇವಲ್ಲ, ಆ ಅಸ್ಥಿಗಳು 1868ರಲ್ಲಿ ಸಿಕ್ಕಿದ್ದು ಇಲ್ಲಿನ ಲೇಜ್ ಎಜಿ ಊರಿನಲ್ಲಿ.

ಲಾಸ್ಕೋ ಗುಹೆ ಮೊಂತಿನ್ಯಾಕ್ ಊರಿನ ಹತ್ತಿರ. 1940ರ ಸೆಪ್ಟೆಂಬರ್ 12ರಂದು ನಾಲ್ವರು ಹುಡುಗರು ಒಂದು ಬಿಲದೊಳಗೆ ಇಳಿದರು. ಯುದ್ಧದ ಕಾಲ, ಅರ್ಧ ಫ್ರಾನ್ಸ್ ಜರ್ಮನರ ಕೈಯಲ್ಲಿತ್ತು. ಅವರ ದೀಪದ ಬೆಳಕಿಗೆ ಗೋಡೆಯ ಮೇಲೆ ಕುದುರೆ, ಕಾಡುಗೂಳಿ, ಜಿಂಕೆ ಕಂಡವು. ಒಂದು ಗೂಳಿಯಂತೂ 5 ಮೀಟರಿಗಿಂತ ಉದ್ದ. 1948ರಲ್ಲಿ ಜನರಿಗೆ ತೆರೆದರು. ದಿನಕ್ಕೆ ಸಾವಿರಕ್ಕೂ ಜಾಸ್ತಿ ಜನ ಹೋಗತೊಡಗಿದರು. ಅಷ್ಟು ಜನರ ಉಸಿರು, ಬೆವರಿನ ತೇವ, ದೀಪದ ಶಾಖ. ಗೋಡೆಯ ಮೇಲೆ ಹಸಿರು ಪಾಚಿ ಬಂತು, ಬಿಳಿ ಸುಣ್ಣದ ಪದರ ಕಟ್ಟತೊಡಗಿತು. ಸಾವಿರಾರು ವರ್ಷ ಉಳಿದ ಬಣ್ಣ ಹದಿನೈದು ವರ್ಷಕ್ಕೆ ಹಾಳಾಗುವ ಹಂತಕ್ಕೆ ಬಂತು. 1963ರಲ್ಲಿ ಮುಚ್ಚಿದರು. ಇನ್ನು ಅದು ತೆರೆಯುವುದಿಲ್ಲ, ತೆರೆಯಲೂ ಬಾರದು.

ಅದಕ್ಕೇ ಪ್ರತಿಕೃತಿಗಳು. 1983ರಲ್ಲಿ ಎರಡು ಭಾಗಗಳ ನಕಲು ತೆರೆದರು, ಅದರ ಚಿತ್ರಗಳನ್ನು ಮೊನಿಕ್ ಪೆತ್ರಾಲ್ ಅನ್ನುವ ಕಲಾವಿದೆ ವರ್ಷಗಟ್ಟಲೆ ಕೂತು ಬರೆದರು. ಆಮೇಲೆ 2016ರ ಡಿಸೆಂಬರಿನಲ್ಲಿ ಹೆಚ್ಚು ಕಡಿಮೆ ಇಡೀ ಗುಹೆಯ ನಕಲು ಬಂತು. ಅದನ್ನೇ ಲಾಸ್ಕೋ 4 ಅನ್ನುತ್ತಾರೆ. ಗೋಡೆಯ ಉಬ್ಬು ತಗ್ಗು ಸಮೇತ ಅಳತೆ ಮಾಡಿ ಕಟ್ಟಿದ್ದಾರೆ. ಒಳಗೆ ತಣ್ಣಗೆ, ಕತ್ತಲು. ನೆಲ ಸಮತಟ್ಟು, ಅಮ್ಮನವರೂ ಆರಾಮಾಗಿ ನೋಡಬಹುದು.

ಒಂದು ಸಂಗತಿ ಅಪ್ಪನವರಿಗೆ ಹೇಳಿ. ಆ ಜನ ಮುಖ್ಯವಾಗಿ ತಿಂದದ್ದು ಹಿಮಸಾರಂಗದ ಮಾಂಸ, ಎಲುಬುಗಳು ಅದನ್ನೇ ಹೇಳುತ್ತವೆ. ಆದರೆ ನೂರಾರು ಪ್ರಾಣಿ ಚಿತ್ರಗಳಲ್ಲಿ ಹಿಮಸಾರಂಗ ಇರುವುದು ಒಂದೇ ಒಂದು. ಕುದುರೆಗಳೇ ಜಾಸ್ತಿ. ಹಾಗಾದರೆ ಇದು ಬೇಟೆಯ ಲೆಕ್ಕ ಅಲ್ಲ. ಮತ್ತೇನು? ಅಲ್ಲಿ ನಿಂತು ಯೋಚಿಸುವುದೇ ಒಂದು ಅನುಭವ.

ನಕ್ಷೆಪ್ರಿಯ

ಹಾರೆಗುದ್ದಲಿ ಮೇಡಂ, ನಿಮ್ಮ ಬರಹ ಚೆನ್ನಾಗಿದೆ. ಆದರೆ ನಕಲು ನಕಲೇ ಅಲ್ವಾ? ಅಷ್ಟು ಹಣ ಕೊಟ್ಟು ಕಾಂಕ್ರೀಟಿನ ಗೋಡೆ ನೋಡಲು ನನಗೆ ಮನಸ್ಸು ಬರಲಿಲ್ಲ.

ಹಾರೆಗುದ್ದಲಿ

ಮೂಲವನ್ನೇ ನೋಡಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಚಿತ್ರ ಎಷ್ಟು ದೊಡ್ಡದು, ಬಂಡೆಯ ಉಬ್ಬನ್ನೇ ಪ್ರಾಣಿಯ ಹೊಟ್ಟೆ ಮಾಡಿಕೊಂಡದ್ದು ಹೇಗೆ, ತಲೆ ಮೇಲೆ ಹಸುಗಳು ಓಡುತ್ತಿದ್ದರೆ ಹೇಗಿರುತ್ತದೆ ಅನ್ನುವುದು ಪುಸ್ತಕದಲ್ಲಿ ತಿಳಿಯುವುದಿಲ್ಲ. ನಕಲಿನಲ್ಲಿ ತಿಳಿಯುತ್ತದೆ. ನಾವು ನಕಲು ನೋಡಿದ್ದರಿಂದ ಮೂಲ ಉಳಿಯಿತು ಅನ್ನುವ ಸಮಾಧಾನವೂ ಇದೆ.

ಮೂಲ ಚಿತ್ರವೇ ಬೇಕು ಅಂದರೆ ಎರಡು ದಾರಿ ಇವೆ. ಒಂದು, ಲೇಜ್ ಎಜಿಯ ಫೋಂ ದ ಗೋಮ್. 1901ರಲ್ಲಿ ಚಿತ್ರಗಳು ಗೊತ್ತಾದವು. ಹಲವು ಬಣ್ಣದ ಕಾಡೆಮ್ಮೆಗಳಿವೆ, ಬೈಸನ್. ದಿನಕ್ಕೆ ನೂರು ಜನಕ್ಕಿಂತ ಕಡಿಮೆ ಬಿಡುತ್ತಾರೆ, ಟಿಕೆಟ್ ಸಿಗುವುದು ಅದೃಷ್ಟ. ಗುಹೆಯ ಬಾಯಿಗೆ ಏರುದಾರಿಯಲ್ಲಿ ನಡೆಯಬೇಕು. ಇನ್ನೊಂದು ರುಫಿನ್ಯಾಕ್. ಅಲ್ಲಿ ಗುಹೆಯೊಳಗೆ ಸಣ್ಣ ವಿದ್ಯುತ್ ರೈಲಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ನೂರಕ್ಕೂ ಜಾಸ್ತಿ ಮ್ಯಾಮತ್ ಆನೆಗಳ ಚಿತ್ರ, ಎಲ್ಲ ಮೂಲ. ಕೊನೆಯಲ್ಲಿ ಒಂದು ಛಾವಣಿ ತುಂಬಾ ಪ್ರಾಣಿಗಳು. ನಿಮ್ಮ ಮನೆಯವರಿಗೆ ನನ್ನ ಮತ ರುಫಿನ್ಯಾಕ್‌ಗೇ. ಮಂಡಿಗೂ ತೊಂದರೆ ಇಲ್ಲ, ಮಕ್ಕಳಿಗೂ ರೈಲು ಸಿಕ್ಕಿತು, ಅಪ್ಪನವರಿಗೂ ಮೂಲ ಚಿತ್ರ ಸಿಕ್ಕಿತು. ನಕ್ಷೆಪ್ರಿಯ ಅವರೇ, ನೀವೂ ಒಮ್ಮೆ ಅಲ್ಲಿಗೆ ಹೋಗಿ.

ಹೊಳೆದಂಡೆ

ಅಪ್ಪ ಇದನ್ನು ಜೋರಾಗಿ ಓದಿಸಿಕೊಂಡರು. ರುಫಿನ್ಯಾಕ್ ಮತ್ತು ಲಾಸ್ಕೋ 4 ಎರಡೂ ಖಾಯಂ ಆಯಿತು. ಕೋಟೆಗಳಲ್ಲಿ ಒಂದನ್ನು ಆರಿಸಿಕೊಡಿ. ಮತ್ತೆ ಊಟ? ಅಮ್ಮನಿಗೆ ಅದೇ ಚಿಂತೆ.

ಅವರೆಕಾಳು

ಊಟದ ವಿಷಯ ನಾನು ಹೇಳುತ್ತೇನೆ. ನಾವೂ ಮೊಟ್ಟೆ ತಿನ್ನದ ಮನೆಯವರು, ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆವು. ಆ ಸೀಮೆ ಬಾತುಕೋಳಿ, ಹೆಬ್ಬಾತಿನ ಸೀಮೆ. ಸಾರ್ಲಾದ ಚೌಕದಲ್ಲಿ ಹೆಬ್ಬಾತುಗಳ ಕಂಚಿನ ಪ್ರತಿಮೆಯೇ ಇದೆ. ಅಡುಗೆಗೆ ಎಣ್ಣೆಯ ಬದಲು ಬಾತುಕೋಳಿ ಕೊಬ್ಬು ಬಳಸುತ್ತಾರೆ.

ಮೋಸ ಹೋಗುವುದು ಇಲ್ಲೇ. ಪೊಮ್ ಸಾರ್ಲಾದೇಜ್ ಅಂತ ಆಲೂಗಡ್ಡೆ ಪಲ್ಯ ಇರುತ್ತದೆ, ಬೆಳ್ಳುಳ್ಳಿ ಹಾಕಿ ಗರಿಗರಿಯಾಗಿ ಹುರಿದದ್ದು. ನೋಡಿದರೆ ಸಸ್ಯಾಹಾರ. ಹುರಿಯುವುದು ಆ ಕೊಬ್ಬಿನಲ್ಲೇ. ಬೆಳ್ಳುಳ್ಳಿ ಸೂಪಿಗೂ ಹಾಕುತ್ತಾರೆ. ಪೆರಿಗೋರ್ (ಆ ಸೀಮೆಯ ಹಳೇ ಹೆಸರು) ಸಲಾಡ್ ಅಂತ ಇದ್ದರೆ ಸೊಪ್ಪಿನ ಅಡಿಯಲ್ಲಿ ಮಾಂಸ ಇರುತ್ತದೆ. 'ಸಾಂ ವಿಯಾಂದ್, ಸಾಂ ಗ್ರೆಸ್ ದ ಕನಾರ್, ಸಾಂಜ್ ಅ' ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಾಂಸ, ಬಾತುಕೋಳಿ ಕೊಬ್ಬು, ಮೊಟ್ಟೆ ಬೇಡ ಅಂತ. ಪಾಪ, ಚೆನ್ನಾಗಿ ಹೇಳಿದರೆ ಏನಾದರೂ ಮಾಡಿಕೊಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚಿದರೆ ಮತ್ತೆ ಸಂಜೆ ಏಳಕ್ಕೇ. ಹಸಿದುಕೊಂಡು ಮೂರು ಗಂಟೆಗೆ ಹೋಗಬೇಡಿ.

ಹೋಟೆಲ್ ಬದಲು ಅಡುಗೆಮನೆ ಇರುವ ಮನೆ ಬಾಡಿಗೆಗೆ ತೆಗೆದುಕೊಳ್ಳಿ. ಅಲ್ಲಿ ಜೀತ್ ಅಂತಾರೆ, ಆರು ಜನಕ್ಕೆ ಹೋಟೆಲಿಗಿಂತ ಅಗ್ಗವೂ ಆಗುತ್ತದೆ. ಹುಳಿಪುಡಿ, ಅವಲಕ್ಕಿ, ರವೆ, ಉಪ್ಪಿನಕಾಯಿ ಊರಿಂದ ತನ್ನಿ. ಅಕ್ಕಿ, ಬೇಳೆ, ಗಟ್ಟಿ ಮೊಸರು ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ತುಪ್ಪ ಮಾತ್ರ ತರಬೇಡಿ. ಹೊರಗಿಂದ ಹಾಲಿನ ಪದಾರ್ಥ ಯುರೋಪಿಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತೆಗೆದುಹಾಕುತ್ತಾರೆ. ಅಲ್ಲಿನ ಬೆಣ್ಣೆ ಕಾಯಿಸಿಕೊಳ್ಳಿ, ಘಮಘಮ ಅನ್ನುತ್ತದೆ.

ಸಾರ್ಲಾದ ಸಂತೆ ಬುಧವಾರ ಮತ್ತು ಶನಿವಾರ. ಜೂನಿನಲ್ಲಿ ಪೆರಿಗೋರಿನ ಸ್ಟ್ರಾಬೆರಿ ಬಂದಿರುತ್ತದೆ. ಅಕ್ರೋಟು ಅಲ್ಲಿನದೇ ಬೆಳೆ, ಅಕ್ರೋಟಿನ ಎಣ್ಣೆ ಗಾಣದಲ್ಲಿ ತೆಗೆದದ್ದು ಸಿಗುತ್ತದೆ. ಸೌತೆಕಾಯಿ ಕೋಸಂಬರಿಗೆ ಒಂದು ಚಮಚ ಹಾಕಿ ನೋಡಿ. ಕಾಬೆಕು ಅಂತ ಬಿಲ್ಲೆಯಂತಹ ಮೇಕೆ ಹಾಲಿನ ಚೀಸ್ ಇದೆ. ಆದರೆ ಅಲ್ಲಿನ ಸಾಂಪ್ರದಾಯಿಕ ಚೀಸಿಗೆಲ್ಲ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುವುದು ವಾಡಿಕೆ. ಅಮ್ಮನಿಗೆ ಮೊದಲೇ ಹೇಳಿಬಿಡಿ, ಬೇಕೋ ಬೇಡವೋ ಅವರೇ ತೀರ್ಮಾನ ಮಾಡಲಿ.

ಹಳೇಮನೆ

ಸಂತೆಗೆ ಹೋದಾಗ ತಲೆ ಎತ್ತಿ ಛಾವಣಿ ನೋಡಿ. ಹೆಂಚಲ್ಲ, ಲೋಜ್ ಅನ್ನುವ ಚಪ್ಪಟೆ ಸುಣ್ಣಕಲ್ಲು ಒಂದರ ಮೇಲೊಂದು ಪೇರಿಸಿದ್ದು. ಚದರ ಮೀಟರಿಗೆ ನೂರಾರು ಕಿಲೋ ಭಾರ. ಕೆಳಗಿನ ಮರದ ತೊಲೆಗಳು ಆ ಭಾರ ಹೊತ್ತು ನಿಂತಿವೆ.

1960ರ ಹೊತ್ತಿಗೆ ಆ ಹಳೇ ಊರು ತೀರಾ ಹಾಳಾಗಿತ್ತು. ಆಗ ಸಂಸ್ಕೃತಿ ಸಚಿವರಾಗಿದ್ದವರು ಆಂದ್ರೆ ಮಾಲ್ರೋ. ಅವರು ತಂದ 1962ರ ಕಾಯ್ದೆ ಒಂದೊಂದು ಕಟ್ಟಡಕ್ಕಲ್ಲ, ಇಡೀ ಹಳೇ ಪೇಟೆಗೆ ರಕ್ಷಣೆ ಕೊಟ್ಟಿತು. ಅದರಡಿ ಮೊದಮೊದಲು ದುರಸ್ತಿ ಆದ ಊರು ಸಾರ್ಲಾ. ಇವತ್ತು ಆ ಜೇನುಬಣ್ಣದ ಬೀದಿಗಳು ಉಳಿದಿರುವುದು ಅದರಿಂದ. ನಮ್ಮ ಹಳೇ ಪೇಟೆಗಳನ್ನು ನೋಡುವಾಗಲೆಲ್ಲ ನನಗೆ ಈ ಕಾಯ್ದೆ ನೆನಪಾಗುತ್ತದೆ.

ಸಂತ ಮೇರಿಯ ಹಳೇ ಚರ್ಚನ್ನು ಈಗ ಒಳಾಂಗಣ ಮಾರುಕಟ್ಟೆ ಮಾಡಿದ್ದಾರೆ, ವಾಸ್ತುಶಿಲ್ಪಿ ಜ್ಯಾಂ ನುವೆಲ್ ಮಾಡಿದ ವಿನ್ಯಾಸ. ಅವರು ಬೆಳೆದದ್ದೇ ಸಾರ್ಲಾದಲ್ಲಿ. ಬಾಗಿಲುಗಳು ಸುಮಾರು 15 ಮೀಟರ್ ಎತ್ತರ! ಗೋಪುರದೊಳಗೆ ಗಾಜಿನ ಲಿಫ್ಟ್ ಇದೆ, ಛಾವಣಿಗಳ ಮೇಲೆ ಏರುತ್ತದೆ. ಮೆಟ್ಟಿಲಿಲ್ಲದೆ ಊರು ನೋಡಲು ಅಮ್ಮನವರಿಗೆ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಬೇಗ ಹೋಗಿ. ಶನಿವಾರ ಹತ್ತರ ಮೇಲೆ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ.

ಬೋರ್ದೋ ಕನ್ನಡಿಗ

ಕೋಟೆ ಒಂದೇ ಅಂದರೆ, ಮಕ್ಕಳ ಜೊತೆಗೆ ಕಾಸ್ಟೆಲ್ನೋ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಅದು ಬಹುಕಾಲ ಇಂಗ್ಲಿಷರ ಪಾಲಿನದು, ಎದುರು ದಡದ ಬೇನಾಕ್ ಫ್ರೆಂಚರ ಪಾಲಿನದು. ಮಧ್ಯೆ ಹೊಳೆ, ಕೂಗಳತೆ ದೂರದಲ್ಲಿ ಶತ್ರು. 1442ರಲ್ಲಿ ಕಾಸ್ಟೆಲ್ನೋ ಫ್ರೆಂಚರಿಗೆ ಬಂತು. ಈಗ ಅಲ್ಲಿ ಮಧ್ಯಕಾಲದ ಯುದ್ಧದ ಸಂಗ್ರಹಾಲಯ. ಕಲ್ಲು ಎಸೆಯುವ ದೊಡ್ಡ ಯಂತ್ರಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ಸೀಸನ್ನಿನಲ್ಲಿ ಎಸೆದು ತೋರಿಸುತ್ತಾರೆ. ಏರು ಮತ್ತು ಮೆಟ್ಟಿಲು ಇವೆ. ಆ ಹೊತ್ತಿನಲ್ಲಿ ಅಮ್ಮ ಅಪ್ಪ ಹತ್ತಿರದ ಮಿಲಾಂದ್ ಅರಮನೆ ನೋಡಲಿ. ಅಮೆರಿಕದಿಂದ ಬಂದ ಕಪ್ಪು ವರ್ಣದ ಕಲಾವಿದೆ ಜೋಸೆಫೀನ್ ಬೇಕರ್ ಅದನ್ನು 1947ರಲ್ಲಿ ಕೊಂಡರು. ಬೇರೆ ಬೇರೆ ದೇಶದ ಹನ್ನೆರಡು ಮಕ್ಕಳನ್ನು ದತ್ತು ತೆಗೆದುಕೊಂಡು ಅಲ್ಲಿ ಸಾಕಿದರು. ಯುದ್ಧಕಾಲದಲ್ಲಿ ಫ್ರಾನ್ಸಿನ ಗುಪ್ತ ಹೋರಾಟಕ್ಕೆ ದುಡಿದವರು. ಸಾಲ ಹೆಚ್ಚಾಗಿ ಕೊನೆಗೆ ಆ ಮನೆಯನ್ನೇ ಕಳೆದುಕೊಂಡರು. 2021ರಲ್ಲಿ ಫ್ರಾನ್ಸ್ ಅವರಿಗೆ ದೇಶದ ಗಣ್ಯರ ಸಮಾಧಿ ಮಂದಿರವಾದ ಪ್ಯಾಂಥಿಯನ್‌ನಲ್ಲಿ ಗೌರವದ ಜಾಗ ಕೊಟ್ಟಿತು.

ಸಂಜೆಗೆ ಮಾರ್ಕೆಸಾಕ್ ತೋಟ. ಕಣಿವೆಯ ಮೇಲಿನ ಉದ್ದನೆಯ ದಿಣ್ಣೆ, ಕೈಯಲ್ಲಿ ಕತ್ತರಿಸಿದ 1,50,000 ಬಾಕ್ಸ್ ಅನ್ನುವ ಪೊದೆಗಿಡಗಳು ಗುಂಡಗುಂಡಗೆ. ಮನೆಯ ಸುತ್ತಲಿನ ಭಾಗ ಅಮ್ಮನಿಗೆ ಸಾಕು. ನಡೆಯುವವರು ತುದಿಯವರೆಗೆ ಹೋಗಿ, ನೀವು ಕನೂದಲ್ಲಿ ಬಂದ ನದಿಯೆಲ್ಲ ಕೆಳಗೆ ಕಾಣುತ್ತದೆ. ಗುರುವಾರದ ಮೋಂಬತ್ತಿ ದೀಪೋತ್ಸವ ಜುಲೈ, ಆಗಸ್ಟಿನಲ್ಲಿ ಮಾತ್ರ. ಜೂನಿನಲ್ಲಿ ಇರುವುದಿಲ್ಲ. ಅದಕ್ಕೋಸ್ಕರ ತಾರೀಕು ಬದಲಿಸಬೇಡಿ, ಆ ಎರಡು ತಿಂಗಳು ಕಾಲಿಡಲು ಜಾಗ ಇರುವುದಿಲ್ಲ.

ಕಾವೇರಿಮಗಳು

ಸೈಕಲ್ ಮರೆತಿರಿ! ಸಾರ್ಲಾ ಪಕ್ಕದಿಂದ ಕಾರ್ಸಾಕ್, ಗ್ರೊಲೆಜಾಕ್ ಕಡೆಗೆ ಹಳೇ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ಡಾಂಬರು ಹಾಕಿದೆ, ಕಾರು ಬರುವುದಿಲ್ಲ, ಹೆಚ್ಚು ಏರಿಲ್ಲ, ಮರದ ನೆರಳು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಆ ಕಣಿವೆಯಲ್ಲಿಲ್ಲ. ಹನ್ನೆರಡು ವರ್ಷದ ಒಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ನಡೆಯುವುದಾದರೆ ಬಿಳಿ ಮತ್ತು ಕೆಂಪು ಪಟ್ಟೆಯ ಗುರುತು ಇರುವ ಉದ್ದ ದಾರಿಗಳಿವೆ, ಹಳದಿ ಗುರುತಿನ ಸಣ್ಣ ಸುತ್ತುಗಳೂ ಇವೆ. ಹುಲ್ಲಿನಲ್ಲಿ ಉಣ್ಣಿ ಇರುತ್ತದೆ. ಉದ್ದ ಕಾಲುಚೀಲ ಹಾಕಿಸಿ, ಸಂಜೆ ಮಕ್ಕಳ ಕಾಲು ಕಂಕುಳು ನೋಡಿ.

ಹೊಳೆದಂಡೆ

ಎಲ್ಲರಿಗೂ ಮನಸಾರೆ ವಂದನೆ. ತಂಗಿಯೂ ಓದಿದಳು, ಈಗ ತಾನೂ ಬರುತ್ತೇನೆ ಅನ್ನುತ್ತಿದ್ದಾಳೆ. ಕೊನೆಯ ಪ್ರಶ್ನೆ: ನಾವು ಶುಕ್ರವಾರ ಸಂಜೆ ತಲುಪಿ ಬುಧವಾರ ಹೊರಡುತ್ತೇವೆ. ಯಾವ ದಿನ ಯಾವುದು?

ಬೋರ್ದೋ ಕನ್ನಡಿಗ

ತಂಗಿಯೂ ಬಂದರೆ ಏಳು ಜನ ಆಗುತ್ತೀರಿ. ಏಳು ಸೀಟಿನ ಕಾರಿನಲ್ಲಿ ಹಿಂದಿನ ಸೀಟು ತುಂಬಿದರೆ ಸಾಮಾನಿಗೆ ಜಾಗ ಇರುವುದಿಲ್ಲ. ಒಂಬತ್ತು ಸೀಟಿನ ವ್ಯಾನ್ ನೋಡಿ.

ಶನಿವಾರ ಕಾರು ಮುಟ್ಟಬೇಡಿ, ಸಂತೆ, ಊರು, ಲಿಫ್ಟ್. ಭಾನುವಾರ ನದಿಗೆ ಜನ ಜಾಸ್ತಿ, ಹಾಗಾಗಿ ಆವತ್ತು ಲಾಸ್ಕೋ 4 ಇಡಿ, ಸಮಯ ಹಾಕಿದ ಟಿಕೆಟ್ ಈಗಲೇ ಆನ್‌ಲೈನಿನಲ್ಲಿ ತೆಗೆಯಿರಿ. ಸೋಮವಾರ ಕನೂ ಮತ್ತು ಗಬಾರ್. ಮಳೆ ಬಂದರೆ ಸೋಮವಾರ, ಮಂಗಳವಾರ ಅದಲು ಬದಲು ಮಾಡಿಕೊಳ್ಳಬಹುದು. ಮಂಗಳವಾರ ಬೆಳಿಗ್ಗೆ ರುಫಿನ್ಯಾಕ್, ಮಧ್ಯಾಹ್ನ ಕಾಸ್ಟೆಲ್ನೋ, ಸುಸ್ತಾಗದಿದ್ದರೆ ಮಾರ್ಕೆಸಾಕ್. ಹೊರಗೆ ಎಷ್ಟೇ ಬಿಸಿಲಿದ್ದರೂ ರುಫಿನ್ಯಾಕ್ ಗುಹೆಯೊಳಗೆ 13 ಡಿಗ್ರಿ. ಒಳಗೆ ಸುಮಾರು ಒಂದು ಗಂಟೆ ಇರಬೇಕು, ಹೆಚ್ಚಿನ ಹೊತ್ತು ರೈಲಿನಲ್ಲಿ ಕೂತೇ, ಅಮ್ಮನಿಗೆ ಸ್ವೆಟರ್ ಜೊತೆ ಕಾಲಿಗೆ ಹೊದೆಯಲು ಒಂದು ಶಾಲೂ ಇಟ್ಟುಕೊಳ್ಳಿ.